ಪಾರ್ಲಿಮೆಂಟಿನಲ್ಲಿ ಸ್ವಾಗತ ಭಾಷಣ

ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದೆ ವಾಸುದೇವ್ ಅವರನ್ನು ಬೈಯಲು ನನಗೆ ಸಲೀಸು. ಪಾರ್ಲಿಮೆಂಟಿನ ವೆಬ್‌ಸೈಟಿನಲ್ಲಿ ಅಹವಾಲು ತುಂಬುವಾಗ ‘ಸಂಸ್ಥೆಯ ಹೆಸರು’ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದರೆ ಈ ರಾಮಾಯಣವೇ ನಡೆಯುತ್ತಿರಲಿಲ್ಲ. ಒಬ್ಬ ಹೆಂಗಸು ಬರೆದರೆ ಯಾರು ಓದುತ್ತಾರೆ, ಸಂಘದ ಹೆಸರಿದ್ದರೆ ತೂಕ ಬರುತ್ತದೆ ಎಂದುಕೊಂಡು ‘ಕಾವೇರಿ ಕನ್ನಡ ಬಳಗ, ವೆಲ್ಲಿಂಗ್ಟನ್’ ಎಂದು ಟೈಪ್ ಮಾಡಿದೆ. ಆ ಬಳಗಕ್ಕೆ ನಾನು ಕಾರ್ಯದರ್ಶಿ. ಅಂದರೆ ಹಾಲ್ ಬುಕ್ ಮಾಡುವವಳು, ಮೈಕ್ ಟೆಸ್ಟ್ ಮಾಡುವವಳು, ಎಲ್ಲ ಮುಗಿದ ಮೇಲೆ ಕುರ್ಚಿ ಜೋಡಿಸಿಟ್ಟು ದೀಪ ಆರಿಸುವವಳು.

ಆ ಒಬ್ಬ ಹೆಂಗಸು ಜಯಮ್ಮ. ಮಂಡ್ಯ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿದ್ದವಳು. ಗಂಡ ಮೋಹನನಿಗೆ ಇಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿ, ಅವನ ಜೊತೆ ಬಂದು ಐದು ವರ್ಷ ಏಳು ತಿಂಗಳಾಗಿತ್ತು. ಇಲ್ಲಿ ನರ್ಸ್ ಎಂದು ನೋಂದಣಿ ಆಗದೆ ವೆಲ್ಲಿಂಗ್ಟನ್ ಪಕ್ಕದ ಪೊರಿರುವಾದ ಒಂದು ರೆಸ್ಟ್ ಹೋಮಿನಲ್ಲಿ ಕೇರ್‌ಗಿವರ್ ಆಗಿದ್ದಳು. ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಊಟ ತಿನ್ನಿಸುವುದು, ಕೈ ಹಿಡಿದು ನಡೆಸುವುದು. ಆ ಕೆಲಸದ ಬಗ್ಗೆ ಅವಳಿಗೆ ಒಂಚೂರೂ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಒಂದು ಕೀಗೊಂಚಲಿನ ಬಗ್ಗೆ.

“ಊರಲ್ಲಿ ವಾರ್ಡಿನ ಔಷಧಿ ಬೀರು ಕೀ ನನ್ ಸೊಂಟದಲ್ಲೇ ಇರ್ತಿತ್ತು ಕಣಕ್ಕ,” ಎಂದು ಒಂದು ಶನಿವಾರ ನಮ್ಮ ಜಾನ್ಸನ್‌ವಿಲ್ ಮನೆಯ ಅಡಿಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತ ಹೇಳಿದಳು. “ಇಲ್ಲಿ ಅದನ್ನ ಮುಟ್ಟಂಗಿಲ್ಲ. ಮೊನ್ನೆ ಒಬ್ರು ತಾತನ ಕೈ ಹಿಡಿದ ತಕ್ಷಣ ನಾಡಿ ಏರುಪೇರಾಗೈತೆ ಅಂತ ಗೊತ್ತಾಯ್ತು. ಆದ್ರೂ ಓಡೋಗಿ ಇಪ್ಪತ್ಮೂರು ವರ್ಷದ ನರ್ಸಮ್ಮನ್ನ ಕರ್ಕೊಂಬಂದು, ನೀವೊಂಚೂರು ನೋಡಿ ಅಂತ ಪಕ್ಕಕ್ಕೆ ನಿಂತ್ಕಂಡೆ. ಗೊತ್ತಿದ್ದೂ ಗೊತ್ತಿಲ್ದೋಳಂಗೆ ನಿಲ್ಲೋದೈತಲ್ಲಕ್ಕ, ಅದು ಕಷ್ಟ.”

ಆ ಸಮಯಕ್ಕೆ ಸರಿಯಾಗಿ ಪಾರ್ಲಿಮೆಂಟಿನ ಮುಂದೆ ಒಂದು ಮಸೂದೆ ಬಂತು. ಬಂದದ್ದು ಬಿಸ್ಕತ್ ಡಬ್ಬಿಯಿಂದ. ತಮಾಷೆ ಮಾಡುತ್ತಿಲ್ಲ. ಇಲ್ಲಿ ಮಂತ್ರಿಗಳಲ್ಲದ ಸದಸ್ಯರು ತರುವ ಮಸೂದೆಗಳಲ್ಲಿ ಯಾವುದು ಚರ್ಚೆಗೆ ಬರಬೇಕೆಂದು ತೀರ್ಮಾನಿಸಲು ಒಂದು ಹಳೇ ಬಿಸ್ಕತ್ ಡಬ್ಬಿಯಲ್ಲಿ ನಂಬರಿನ ಬಿಲ್ಲೆಗಳನ್ನು ಹಾಕಿ, ಚೀಟಿ ಎತ್ತಿದ ಹಾಗೆ ಎತ್ತುತ್ತಾರೆ. ನಮ್ಮ ಮನೆಯ ಅಂಥ ಡಬ್ಬಿಯಲ್ಲಿ ಸೂಜಿ ದಾರ ಇದೆ, ಇವರ ಡಬ್ಬಿಯಲ್ಲಿ ದೇಶದ ಕಾನೂನು. ಈ ಸಲ ಎದ್ದ ಬಿಲ್ಲೆ, ಹೊರದೇಶದಲ್ಲಿ ಕಲಿತ ನರ್ಸುಗಳು ಒಂದು ಪರೀಕ್ಷೆ ಬರೆದು ನೋಂದಣಿ ಪಡೆಯಬಹುದು ಎನ್ನುವ ಮಸೂದೆಯದು. ಆದರೆ ಒಂಬತ್ತನೇ ಕಲಮಿನಲ್ಲಿ ಒಂದು ಕೊಕ್ಕೆ ಇತ್ತು. ಕಳೆದ ಐದು ವರ್ಷದೊಳಗೆ ನರ್ಸ್ ಆಗಿ ಕೆಲಸ ಮಾಡಿರಬೇಕು, ಇಲ್ಲದಿದ್ದರೆ ಮೂರು ವರ್ಷದ ಡಿಗ್ರಿ ಮೊದಲಿಂದ ಶುರು. ಜಯಮ್ಮನಿಗೆ ಆಗ ನಲವತ್ತೆಂಟು. ಬರೀ ಏಳು ತಿಂಗಳಲ್ಲಿ ಬಾಗಿಲು ತಪ್ಪಿತ್ತು. ಕೇರ್‌ಗಿವರ್ ಆಗಿ ದುಡಿದ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳುವುದೊಂದೇ ಅವಳಿಗಿದ್ದ ದಾರಿ.

ಕೇಳುವುದಕ್ಕೆ ಇಲ್ಲಿ ಅವಕಾಶ ಇದೆ. ಯಾವ ಮಸೂದೆಯ ಬಗ್ಗೆಯೂ ಯಾರು ಬೇಕಾದರೂ ಸದನದ ಸಮಿತಿಗೆ ಬರೆಯಬಹುದು, ಇಷ್ಟವಿದ್ದರೆ ಸದಸ್ಯರ ಎದುರು ಕೂತು ಹೇಳಲೂಬಹುದು. ನಾನು ಜಯಮ್ಮನ ಪರವಾಗಿ ಬರೆದು, ‘ಮಾತನಾಡಲು ಇಚ್ಛೆಯಿದೆ’ ಎಂಬಲ್ಲಿ ಟಿಕ್ ಹಾಕಿದೆ. ಮೂರು ವಾರಕ್ಕೆ ಉತ್ತರ ಬಂತು. ಕಾವೇರಿ ಕನ್ನಡ ಬಳಗಕ್ಕೆ ಗುರುವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಐದು ನಿಮಿಷ. ಉತ್ತರ ಬಂದದ್ದು ಬಳಗದ ಇಮೇಲಿಗೆ. ಅದನ್ನು ಓದುವವರು ಇಬ್ಬರೇ, ನಾನು ಮತ್ತು ಬಳಗದ ಅಧ್ಯಕ್ಷ ವಾಸುದೇವ್.

ಹತ್ತು ನಿಮಿಷದಲ್ಲಿ ಅಪ್ಪರ್ ಹಟ್‌ನ ಅವರ ಮನೆಯಿಂದ ಫೋನ್ ಬಂತು.

“ಅರುಂಧತಿಯವರೇ, ಇದು ಬಳಗದ ಇತಿಹಾಸದಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡೋ ದಿನ!” ವಾಸುದೇವ್ ಫೋನಿನಲ್ಲೂ ಮೈಕ್ ಮುಂದಿದ್ದ ಹಾಗೇ ಮಾತನಾಡುತ್ತಾರೆ.

“ಸರ್, ಅದು ಜಯಮ್ಮಂಗೆ ಸಿಕ್ಕಿರೋ ಟೈಮು.”

“ಅವರೇ ಮಾತಾಡ್ಲಿ, ಬೇಡ ಅಂದೋರ್ಯಾರು? ಆದ್ರೆ ಸಂಸ್ಥೆ ಹೆಸರಲ್ಲಿ ಕರೆದಿದಾರೆ ಅಂದ್ಮೇಲೆ ಅಧ್ಯಕ್ಷರು ಪ್ರಾಸ್ತಾವಿಕವಾಗಿ ಎರಡು ಮಾತು ಆಡದೆ ಇದ್ರೆ ಚೆನ್ನಾಗಿರುತ್ತಾ? ಎರಡೇ ಮಾತು.”

ಅವರ ‘ಎರಡು ಮಾತು’ ಎಂದರೇನು ಎಂದು ನನಗೆ ಗೊತ್ತಿಲ್ಲವೇ? ಹಿಂದಿನ ರಾಜ್ಯೋತ್ಸವದಲ್ಲಿ ಅವರು ಎರಡು ಮಾತು ಮುಗಿಸುವಷ್ಟರಲ್ಲಿ ನಲವತ್ತು ಜನರ ಬಿಸಿಬೇಳೆಬಾತ್ ತಣ್ಣಗಾಗಿ ಕಲ್ಲಾಗಿತ್ತು. ಖಡಾಖಂಡಿತವಾಗಿ ಆಗಲ್ಲ ಎನ್ನಬೇಕಿತ್ತು. ಅನ್ನುವಷ್ಟರಲ್ಲಿ ಅವರು ಅಜ್ಜನ ವಿಷಯ ತೆಗೆದರು.

ಮೈಸೂರು ಮಹಾರಾಜರ ಕಾಲದ ಪ್ರಜಾಪ್ರತಿನಿಧಿ ಸಭೆಯಲ್ಲಿ ವಾಸುದೇವ್ ಅವರ ಅಜ್ಜ ಆರು ವರ್ಷ ಸದಸ್ಯರಾಗಿದ್ದರಂತೆ. ಪ್ರತಿ ದಸರಾ ಅಧಿವೇಶನಕ್ಕೂ ಜರಿಪೇಟ, ಮುಚ್ಚುಕೋಟು ಹಾಕಿಕೊಂಡು ಹೋಗಿ, ಊರಿನ ಕೆರೆ ದುರಸ್ತಿ ಬಗ್ಗೆ ಮಾತನಾಡಬೇಕೆಂದು ಬರೆದುಕೊಂಡ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು, ಒಂದೇ ಒಂದು ಸಲವೂ ಬಾಯಿ ಬಿಡದೆ ವಾಪಸಾಗುತ್ತಿದ್ದರಂತೆ. “ಇಲ್ಲೂ ರಾಜರ ಆಳ್ವಿಕೆ, ಇಲ್ಲೂ ಪ್ರಜೆಗಳ ಸಭೆ. ನಮ್ಮ ವಂಶದಲ್ಲಿ ಒಬ್ರಾದ್ರೂ ಎದ್ದು ನಿಂತು ಮಾತಾಡ್ಬೇಕು ಅಂತ ನನಗೊಂದು ಆಸೆ,” ಎಂದಾಗ ಆ ಮೈಕ್ ದನಿ ಸ್ವಲ್ಪ ಇಳಿದಿತ್ತು. ನಾನು ಮೆತ್ತಗಾದೆ. ಒಂದು ನಿಮಿಷ, ಅದಕ್ಕಿಂತ ಒಂದು ಸೆಕೆಂಡು ಹೆಚ್ಚಿಲ್ಲ ಎಂದು ಆಣೆ ಹಾಕಿಸಿಕೊಂಡು ಒಪ್ಪಿದೆ.

ಬುಧವಾರ ಸಂಜೆ ನಮ್ಮ ಮನೆಯಲ್ಲಿ ಜಯಮ್ಮನಿಗೆ ತಾಲೀಮು. ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಟ್ಟಿದ್ದೆ. ಓದುವಾಗ ಅವಳ ಕೈಯಲ್ಲಿದ್ದ ಕಾಗದ ಫರಫರ ಎನ್ನುತ್ತಿತ್ತು. ನನ್ನ ಮಗಳು ಅಪೂರ್ವ ಮೊಬೈಲಿನಲ್ಲಿ ಟೈಮ್ ನೋಡಿ, “ತ್ರೀ ಟೆನ್. ಆಂಟಿ, ಯು ಆರ್ ಫೈನ್. ಜಸ್ಟ್ ಬ್ರೀದ್,” ಎಂದಳು.

“ನಲವತ್ತು ಬೆಡ್ಡಿನ ವಾರ್ಡು ಒಪ್ಪಿಸ್ವಾಗ ಒಂದಿನಾನೂ ಕೈ ನಡುಗಿಲ್ಲ ಕಣಮ್ಮಿ,” ಎಂದಳು ಜಯಮ್ಮ. “ಪಾಳಿ ಬದಲಾಗ್ವಾಗ ಇಪ್ಪತ್ತು ನಿಮಿಷದಲ್ಲಿ ಅಷ್ಟೂ ಜನದ್ದು ಮುಂದಿನೋರ್ಗೆ ಹೇಳಿ, ಕೊನೇಲಿ ಕೀ ಕೈಗಿಟ್ಟು ಹೊಂಟೋಗ್ತಿದ್ದೆ. ಇಲ್ಲಿ ನೋಡು, ಒಬ್ಳದ್ದು ಹೇಳಾಕೆ ಮೂರ್ ನಿಮಿಷ, ಅದ್ಕೂ ಬೆವರ್ತಾ ಇವ್ನಿ.”

ಅಪೂರ್ವ ಲೆಕ್ಕ ಹಾಕಿ, ತಲೆಗೆ ಅರ್ಧ ನಿಮಿಷ ಎಂದಳು. ನಾನು ಅದನ್ನು ಕಿವಿಗೇ ಹಾಕಿಕೊಳ್ಳದೆ, ಇನ್ನೊಂದು ಸಲ ಓದು ಎಂದು ಜಯಮ್ಮನನ್ನು ಗದರಿದೆ.

ಗುರುವಾರ ಹತ್ತು ಗಂಟೆಗೆ ಪಾರ್ಲಿಮೆಂಟಿನ ಬಾಗಿಲಲ್ಲಿ ವಾಸುದೇವ್ ನಮಗಾಗಿ ಕಾಯುತ್ತಿದ್ದರು. ತಲೆಯ ಮೇಲೆ ಅಜ್ಜನ ಜರಿಪೇಟ. ಕಪ್ಪು ಮುಚ್ಚುಕೋಟು. ವೆಲ್ಲಿಂಗ್ಟನ್ನಿನ ಗಾಳಿಗೆ ಪೇಟ ಹಾರಿಹೋಗದಿರಲೆಂದು ಒಂದು ಕೈ ಸದಾ ತಲೆಯ ಮೇಲೆ. ಇನ್ನೊಂದು ಕೈಯಲ್ಲಿ ಶಾಲು, ಗಂಧದ ಹಾರ, ತೆಂಗಿನಕಾಯಿ ಸಮೇತ ಹಣ್ಣಿನ ಬುಟ್ಟಿ.

“ಇದೇನ್ ಸರ್ ಇದು?”

“ಸಮಿತಿ ಅಧ್ಯಕ್ಷರನ್ನ ಬರಿಗೈಲಿ ನೋಡಕ್ಕಾಗುತ್ತಾ?”

ಒಳಗೆ ಬ್ಯಾಗುಗಳನ್ನು ಎಕ್ಸ್‌ರೇ ಯಂತ್ರಕ್ಕೆ ಹಾಕುತ್ತಾರೆ. ತೆಂಗಿನಕಾಯಿ ಒಳಗೆ ಹೋಯಿತು. ಪರದೆ ನೋಡುತ್ತಿದ್ದ ಕಾವಲುಗಾರ ಬೆಲ್ಟ್ ನಿಲ್ಲಿಸಿ ಇನ್ನೊಬ್ಬನನ್ನು ಕರೆದ. ಇಬ್ಬರೂ ಪರದೆಗೆ ಮೂಗು ತಾಗಿಸಿ ಆ ಗುಂಡಗಿನ, ಒಳಗೆ ನೀರು ಅಲ್ಲಾಡುವ ವಸ್ತುವನ್ನು ನೋಡಿದರು. ವಾಸುದೇವ್ ಅದರ ಧಾರ್ಮಿಕ ಮಹತ್ವ ವಿವರಿಸಲು ಶುರು ಮಾಡಿದರು. ಸಮಿತಿಯವರು ಉಡುಗೊರೆ ಮುಟ್ಟುವುದಿಲ್ಲ, ಹೋಗುವಾಗ ತೆಗೆದುಕೊಂಡು ಹೋಗಿ ಎಂದು ಕಾವಲುಗಾರರು ನಯವಾಗಿ ಹೇಳಿ ಬುಟ್ಟಿಯನ್ನು ಮೇಜಿನ ಕೆಳಗಿಟ್ಟುಕೊಂಡರು. ಪೇಟಕ್ಕೆ ಯಾರೂ ಆಕ್ಷೇಪಿಸಲಿಲ್ಲ, ಅದೇ ನನ್ನ ದುರದೃಷ್ಟ.

ಸಮಿತಿಯ ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಕುದುರೆ ಲಾಳದ ಆಕಾರದ ಮೇಜು, ಅದರ ಸುತ್ತ ಎಂಟು ಸದಸ್ಯರು, ಪ್ರತಿಯೊಬ್ಬರ ಮುಂದೆ ಹೆಸರಿನ ಫಲಕ. ಎದುರಿಗೆ ನಮಗೆ ಮೂರು ಕುರ್ಚಿ. ಮಧ್ಯದಲ್ಲಿದ್ದ ಸಮಿತಿಯ ಅಧ್ಯಕ್ಷ ನಗುಮುಖದ ಮನುಷ್ಯ. “ನೀವು ಬರೆದದ್ದನ್ನು ಓದಿದ್ದೇವೆ. ಐದು ನಿಮಿಷ ನಿಮ್ಮದು,” ಎಂದರು. ನಾನು ಗೋಡೆ ಗಡಿಯಾರ ನೋಡಿದೆ. ಸರಿಯಾಗಿ ಹತ್ತೂ ಇಪ್ಪತ್ತು.

ವಾಸುದೇವ್ ಎದ್ದು ನಿಂತರು. ಅಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.

“ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ವೇದಿಕೆಯ ಮುಂಭಾಗದಲ್ಲಿರುವ ಗಣ್ಯರೇ,” ಎಂದು ಇಂಗ್ಲಿಷಿನಲ್ಲಿ ಆರಂಭಿಸಿದರು. ವೇದಿಕೆ ಇರಲಿಲ್ಲ. ಮುಂಭಾಗದಲ್ಲಿ ಇದ್ದವಳು ಟೈಪ್ ಮಾಡುತ್ತಿದ್ದ ಒಬ್ಬ ಗುಮಾಸ್ತೆ ಮಾತ್ರ. ಆಮೇಲೆ ಎಡಗಡೆಯಿಂದ ಒಬ್ಬೊಬ್ಬರ ಫಲಕ ಓದಿ, ಹೆಸರು ಹಿಡಿದು, ಅವರವರ ಕ್ಷೇತ್ರವನ್ನು ಹೊಗಳುತ್ತ ಬಂದರು. ಒಬ್ಬರ ಕ್ಷೇತ್ರದ ಕಿವಿಹಣ್ಣು, ಇನ್ನೊಬ್ಬರ ಕ್ಷೇತ್ರದ ಸೇತುವೆ. ಸೇತುವೆಗೆ ಇಪ್ಪತ್ತು ಸೆಕೆಂಡು ಹೋಯಿತು, ಏಕೆಂದರೆ ಅವರು ನಿವೃತ್ತ ಸಿವಿಲ್ ಎಂಜಿನಿಯರ್. ನಾನು ಕೋಟಿನ ತುದಿ ಹಿಡಿದು ಎಳೆದೆ. ಮುಚ್ಚುಕೋಟು ದಪ್ಪ ಬಟ್ಟೆಯದು, ಅವರಿಗೆ ಗೊತ್ತೇ ಆಗಲಿಲ್ಲ.

ಸಮಿತಿಯ ಅಧ್ಯಕ್ಷ ತಡೆಯುತ್ತಾರೆ, ಈಗ ತಡೆಯುತ್ತಾರೆ ಎಂದು ಕಾದೆ. ಆ ಮಹಾನುಭಾವ ಭಕ್ತಿಯಿಂದ ತಲೆದೂಗುತ್ತ ಕೂತಿದ್ದರು! ಆಮೇಲೆ ನನಗೆ ಹೊಳೆಯಿತು. ಇಲ್ಲಿನ ಮಾವೊರಿ ಪದ್ಧತಿಯಲ್ಲಿ ಮಾತಿಗೆ ಮೊದಲು ಎದುರಿದ್ದವರನ್ನು ವಂದಿಸಿ, ತಮ್ಮ ಬೆಟ್ಟ, ನದಿ, ಹಿರಿಯರ ಹೆಸರು ಹೇಳಿಕೊಳ್ಳುತ್ತಾರೆ. ಅದನ್ನು ಅರ್ಧಕ್ಕೆ ತಡೆಯುವುದು ಒರಟುತನ. ನಮ್ಮವರ ಸ್ವಾಗತ ಭಾಷಣವನ್ನು ಅವರು ಹಾಗೇ ಗೌರವಿಸುತ್ತಿದ್ದರು. ವಾಸುದೇವ್ ಕೂಡ ಇಂಟರ್ನೆಟ್ಟಿನಲ್ಲಿ ಅದನ್ನು ಓದಿಕೊಂಡೇ ಬಂದಿದ್ದರು. ಚಾಮುಂಡಿ ಬೆಟ್ಟ ಬಂತು. ಕಾವೇರಿ ಬಂದಳು. ಅಜ್ಜ ಬಂದರು, ಪ್ರಜಾಪ್ರತಿನಿಧಿ ಸಭೆ ಬಂತು, ಮಹಾರಾಜರ ಆನೆ ಕೂಡ ಬಂತು. ಈ ದೇಶದ ಕೆಳಮನೆ ಮೇಲ್ಮನೆಯನ್ನು ಕಳೆದುಕೊಂಡು ಎಪ್ಪತ್ತು ವರ್ಷದ ಮೇಲಾದರೂ ಧೃತಿಗೆಡದೆ ಒಂಟಿಯಾಗಿ ಕೆಲಸ ಮಾಡುತ್ತಿರುವುದಕ್ಕೆ ಸಂತಾಪ ಸಹಿತ ಅಭಿನಂದನೆಯೂ ಸಂದಿತು. ಒಂದೇ ಒಂದು ಸಲ ನರ್ಸ್ ಎಂಬ ಪದ ಬರಲಿಲ್ಲ.

ಪಕ್ಕದಲ್ಲಿ ಜಯಮ್ಮ ನನ್ನ ಕಾಗದವನ್ನು ಮಡಿಸುತ್ತಿದ್ದಳು. ಅರ್ಧ ಮಾಡಿದಳು, ಕಾಲು ಮಾಡಿದಳು. ನನಗೆ ಅಳು ಬಂತು. ಐದು ವರ್ಷ ಏಳು ತಿಂಗಳು ಕಾದವಳಿಗೆ ಸಿಕ್ಕಿದ್ದ ಐದು ನಿಮಿಷವನ್ನು ನಾನೇ ನನ್ನ ಕೈಯಾರೆ ಆನೆಯ ಕಾಲ ಕೆಳಗೆ ಹಾಕಿದ್ದೆ.

ಕೊನೆಗೆ ಗುಮಾಸ್ತೆ ಸಮಿತಿಯ ಅಧ್ಯಕ್ಷರಿಗೆ ಚೀಟಿ ಕೊಟ್ಟಳು. ಅವರು ಗಂಟಲು ಸರಿಮಾಡಿಕೊಂಡು, “ತುಂಬಾ ಧನ್ಯವಾದ. ಇನ್ನು ನಲವತ್ತು ಸೆಕೆಂಡ್ ಇದೆ. ಮಸೂದೆಯ ಬಗ್ಗೆ ಏನಾದರೂ ಹೇಳುವುದಿತ್ತೇ?” ಎಂದರು.

ವಾಸುದೇವ್ ಬಾಯಿ ತೆರೆದುಕೊಂಡೇ ಕೂತರು. ಜಯಮ್ಮ ಕಾಗದವನ್ನು ಪರ್ಸಿಗೆ ಹಾಕಿದಳು. ಎದೆಗೆ ಪಿನ್ ಮಾಡಿದ್ದ ಪುಟ್ಟ ನರ್ಸ್ ಗಡಿಯಾರವನ್ನು ಒಮ್ಮೆ ಎತ್ತಿ ನೋಡಿದಳು. ಅದನ್ನು ಅವಳು ಹಾಕಿಕೊಂಡು ಬಂದದ್ದನ್ನು ನಾನು ಅಲ್ಲಿಯತನಕ ಗಮನಿಸಿರಲಿಲ್ಲ. ಆಮೇಲೆ ಇಂಗ್ಲಿಷಿನಲ್ಲೇ, ತಡವರಿಸದೆ, ಒಂದೇ ಸಮನೆ ಹೇಳಿದಳು:

“ಹೆಸರು ಜಯಮ್ಮ. ವಯಸ್ಸು ನಲವತ್ತೆಂಟು. ಇಲ್ಲಿಗೆ ಬಂದು ಐದು ವರ್ಷ ಏಳು ತಿಂಗಳು. ಹಿಂದಿನ ಚರಿತ್ರೆ, ಇಪ್ಪತ್ತೆರಡು ವರ್ಷ ನರ್ಸ್. ಈಗಿನ ತೊಂದರೆ, ಕಲಮು ಒಂಬತ್ತು. ಇದುವರೆಗಿನ ಚಿಕಿತ್ಸೆ, ಕಾಯಿರಿ ಅಂದಿದ್ದಾರೆ. ಸ್ಥಿತಿ, ಕಣ್ಣು ಚುರುಕು, ಕೈ ಗಟ್ಟಿ, ದಿನಾ ಎಂಟು ಗಂಟೆ ನಿಮ್ಮ ಅಪ್ಪ ಅಮ್ಮಂದಿರನ್ನು ನೋಡಿಕೊಳ್ಳುತ್ತಿದ್ದಾಳೆ. ಮಾಡಬೇಕಾದ್ದು, ಆ ಗಂಟೆಗಳನ್ನು ಲೆಕ್ಕಕ್ಕೆ ಹಿಡಿದು ಪರೀಕ್ಷೆಗೆ ಕೂರಿಸಿ. ಫೇಲಾದರೆ ಮನೆಗೆ ಕಳಿಸಿ. ಇಂಥ ಕೇಸು ನಮ್ಮ ರೆಸ್ಟ್ ಹೋಮಿನಲ್ಲೇ ಇನ್ನೂ ಮೂರಿವೆ. ನನ್ನ ಪಾಳಿ ಮುಗಿಯಿತು. ಕೀ ನಿಮ್ಮ ಹತ್ತಿರ ಇದೆ.”

ಗಡಿಯಾರ ನೋಡಿದೆ. ಇನ್ನೂ ಮೂರು ಸೆಕೆಂಡು ಉಳಿದಿತ್ತು.

ಬಲತುದಿಯಲ್ಲಿ ಕೂತಿದ್ದ ಬೆಳ್ಳಿ ಕೂದಲಿನ ಸದಸ್ಯೆಯೊಬ್ಬರು ಪೆನ್ನು ಕೆಳಗಿಟ್ಟು, ಅಧ್ಯಕ್ಷರನ್ನು ಕೇಳದೇ, “ಮತ್ತೆ ಯಾವಾಗ ನೋಡಬೇಕು, ಸಿಸ್ಟರ್?” ಎಂದರು. ಆಕೆ ರಾಜಕೀಯಕ್ಕೆ ಬರುವ ಮೊದಲು ಮೂವತ್ತು ವರ್ಷ ವಾರ್ಡಿನಲ್ಲಿದ್ದರೆಂದು ಆಮೇಲೆ ತಿಳಿಯಿತು.

“ಬೇಗ,” ಎಂದಳು ಜಯಮ್ಮ. “ವಯಸ್ಸು ಏರ್ತಾ ಇದೆ.”

ಕೋಣೆಯೆಲ್ಲ ನಕ್ಕಿತು.

ಹೊರಗೆ ಕಾರಿಡಾರಿಗೆ ಬಂದ ತಕ್ಷಣ ವಾಸುದೇವ್, “ಇನ್ನೂ ಎರಡು ಪ್ಯಾರಾ ಇತ್ತು, ಪರವಾಗಿಲ್ಲ, ಒಟ್ಟಿನಲ್ಲಿ ಕಳೆಗಟ್ಟಿತು,” ಎಂದರು. ನಾನು ತಡೆದಿಟ್ಟುಕೊಂಡದ್ದೆಲ್ಲ ಒಡೆಯಿತು.

“ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್ ಸರ್! ಆನೆ ಯಾಕ್ ಬೇಕಿತ್ತು? ಇವಳ ಜೀವನ ನಿಂತಿರೋದು ಆ ಕಲಮಿನ ಮೇಲೆ, ನಿಮಗೆ ಆನೆ!”

“ಬುಡಕ್ಕ, ಎಲ್ರೂ ನೋಡ್ತಾವ್ರೆ,” ಎಂದು ಜಯಮ್ಮ ನನ್ನ ತೋಳು ಹಿಡಿದಳು.

ವಾಸುದೇವ್ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಪೇಟ ಇಲ್ಲದ ಅವರು ಒಂದು ಅಡಿ ಕುಳ್ಳಗೆ ಕಂಡರು. “ನಾಲ್ಕು ನಿಮಿಷ ಆಯ್ತಾ?” ಎಂದರು, ಮೈಕ್ ದನಿಯಲ್ಲಲ್ಲ. “ಒಂದೇ ನಿಮಿಷ ಅಂದ್ಕೊಂಡಿದ್ದೆ ಕಣಮ್ಮ. ನಿಜವಾಗ್ಲೂ.” ನನಗೆ ಇನ್ನೂ ಬೈಯಬೇಕಿತ್ತು, ಆದರೆ ಆಗಲಿಲ್ಲ. ಕೆಳಗೆ ಬಂದು ಬುಟ್ಟಿ ವಾಪಸ್ ಪಡೆದು, ಮೂವರೂ ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಸಮಿತಿಗೆ ತಂದಿದ್ದ ಬಾಳೆಹಣ್ಣು ತಿಂದೆವು.

ಆಮೇಲಿನದು ಕಾಯುವ ಕೆಲಸ. ಐದು ತಿಂಗಳಾದ ಮೇಲೆ ಸಮಿತಿಯ ವರದಿ ಬಂತು. ಒಂಬತ್ತನೇ ಕಲಮಿನ ಕೆಳಗೆ ಹೊಸದಾಗಿ ಒಂದು ಸಾಲು ಸೇರಿತ್ತು: ನೋಂದಾಯಿತ ನರ್ಸಿನ ಕೈಕೆಳಗೆ ಕೇರ್‌ಗಿವರ್ ಆಗಿ ಮಾಡಿದ ಕೆಲಸವನ್ನೂ ಪರಿಗಣಿಸತಕ್ಕದ್ದು. ಅದನ್ನು ಸದನ ಒಪ್ಪಬೇಕಿತ್ತು. ಚರ್ಚೆಯ ಬುಧವಾರ ನಾವು ಮೂವರೂ ಮೇಲಿನ ಗ್ಯಾಲರಿಯಲ್ಲಿ ಕೂತಿದ್ದೆವು. ಗ್ಯಾಲರಿಯಲ್ಲಿ ಮಾತಿಲ್ಲ, ಚಪ್ಪಾಳೆಯಿಲ್ಲ, ಫೋಟೋ ಇಲ್ಲ. ವಾಸುದೇವ್ ಬಾಗಿಲಲ್ಲಿದ್ದ ಆ ನಿಯಮದ ಫಲಕವನ್ನು ಎರಡು ಸಲ ಓದಿ, ಕೈಗಳನ್ನು ಮಂಡಿಗಳ ನಡುವೆ ಒತ್ತಿಕೊಂಡು ಕೂತಿದ್ದರು.

ಬೆಳ್ಳಿ ಕೂದಲಿನ ಸದಸ್ಯೆ ಎದ್ದರು. ಹಾಳೆ ನೋಡದೆ ಜಯಮ್ಮನ ಮಾತನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. “ಸ್ಪೀಕರ್ ಅವರೇ, ಕೀ ನಮ್ಮ ಕೈಗೆ ಬಂದು ಐದು ತಿಂಗಳ ಮೇಲಾಯಿತು. ಪಾಳಿಯಲ್ಲಿದ್ದವರು ಕೀಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುವಂತಿಲ್ಲ,” ಎಂದು ಕೂತರು. ಕೆಳಗೆ ಎರಡೂ ಕಡೆಯ ಬೆಂಚುಗಳಿಂದ ಹೌದು ಹೌದು ಎಂಬ ದನಿ ಎದ್ದಿತು. ಜಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ವಾಸುದೇವ್ ಮುಂದಕ್ಕೆ ಬಾಗಿದರು, ಕೈ ಮಾತ್ರ ಹೊರಗೆ ಬರಲಿಲ್ಲ. ನನ್ನ ಮಟ್ಟಿಗೆ ಅವರ ಅರ್ಧ ಪಾಪ ಅಲ್ಲೇ ತೊಳೆದುಹೋಯಿತು.

ಮುಂದಿನ ಹಂತಗಳೂ ಮುಗಿದು, ರಾಜರ ಪರವಾಗಿ ಗವರ್ನರ್ ಜನರಲ್ ಅಂಕಿತ ಹಾಕಿದರು. ಜಯಮ್ಮ ಪರೀಕ್ಷೆಗೆ ಕೂತಳು, ಫೇಲಾಗಲಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಕೆಲಸವೂ ಸಿಕ್ಕಿತು. ಬಳಗದಿಂದ ಅವಳಿಗೆ ಸನ್ಮಾನ ಮಾಡಬೇಕೆಂದು ವಾಸುದೇವ್ ಓಡಾಡಿದರು. “ಡ್ಯೂಟಿ ಐತೆ ಸಾರ್,” ಎಂದು ಪ್ರತಿ ಭಾನುವಾರವೂ ತಪ್ಪಿಸಿಕೊಂಡಳು.

ಕೊನೆಗೆ ಅವರೇ ಅವಳ ವಾರ್ಡಿಗೆ ಹೋಗಬೇಕಾಯಿತು. ಪಿತ್ತಕೋಶದ ಕಲ್ಲು, ಆಪರೇಷನ್. ಎರಡನೇ ದಿನ ಮಧ್ಯಾಹ್ನ ನಾನು ತಿಳಿಸಾರು ತೆಗೆದುಕೊಂಡು ನೋಡಲು ಹೋದೆ. ಪಾಳಿ ಬದಲಾಗುವ ಹೊತ್ತು. ನೀಲಿ ಸಮವಸ್ತ್ರದ ಜಯಮ್ಮ ಒಬ್ಬ ಚಿಕ್ಕ ವಯಸ್ಸಿನ ನರ್ಸ್ ಜೊತೆ ಬೆಡ್ಡಿನಿಂದ ಬೆಡ್ಡಿಗೆ ಬರುತ್ತಿದ್ದಳು. ವಾಸುದೇವ್ ದಿಂಬಿಗೊರಗಿ, ಕೂದಲು ಸವರಿಕೊಂಡು, ತಮ್ಮ ಸರದಿಗೆ ಸಿದ್ಧರಾದರು.

“ಬೆಡ್ ಆರು,” ಎಂದಳು ಜಯಮ್ಮ. “ವಾಸುದೇವ್, ಅರವತ್ತೇಳು. ಆಪರೇಷನ್ ಆಗಿ ಎರಡನೇ ದಿನ. ಜ್ವರ ಇಲ್ಲ, ಗಾಯ ಚೆನ್ನಾಗಿದೆ, ನೋವು ಕಡಿಮೆ, ಮಾತು ಜಾಸ್ತಿ. ನಾಳೆ ಮನೆಗೆ.”

ಅದೇ ಕೊನೆಯ ಬೆಡ್ಡು. ಅವಳು ಸೊಂಟದ ಕೀಗೊಂಚಲನ್ನು ಬಿಚ್ಚಿ, ಅಂಗೈಯಲ್ಲಿ ಒಂದು ಗಳಿಗೆ ಹಿಡಿದು, ಆ ಹುಡುಗಿಯ ಕೈಗಿಟ್ಟಳು. “ಕೀ ನಿನ್ನ ಹತ್ತಿರ ಇದೆ,” ಎಂದಳು.

“ಇಷ್ಟೇನಾ ನಾನು?” ಎಂದು ವಾಸುದೇವ್ ನನ್ನತ್ತ ತಿರುಗಿ ಪಿಸುಗುಟ್ಟಿದರು. “ಬಳಗದ ಅಧ್ಯಕ್ಷ ಅಂತಾನೂ ಹೇಳ್ಲಿಲ್ವಲ್ಲ.”

ಆದರೆ ಅವರ ಕಣ್ಣು ಆ ಕೀಗೊಂಚಲಿನ ಮೇಲೇ ಇತ್ತು. ಜಯಮ್ಮ ಹೊರಡುತ್ತಿದ್ದಂತೆ ಅವರು ನಿಧಾನವಾಗಿ ಎದ್ದು ಕೂತರು, ಗಂಟಲು ಸರಿಮಾಡಿಕೊಂಡರು, ಬಲಗೈ ಮೇಲಕ್ಕೆ ಹೋಯಿತು. ಶುರುವಾಯಿತಲ್ಲಪ್ಪ ಎಂದು ನಾನು ಸಾರಿನ ಡಬ್ಬಿ ಕೆಳಗಿಟ್ಟೆ. ಅವರು ಆ ಕೈಯನ್ನು ಇನ್ನೊಂದು ಕೈಗೆ ಜೋಡಿಸಿದರು.

“ಜಯಮ್ಮ, ತಪ್ಪಾಯ್ತು ಕಣಮ್ಮ,” ಎಂದರು.

ಅವಳು ನಕ್ಕು, ಅವರ ಹೊದಿಕೆ ಸರಿಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ನಾನು ಗಡಿಯಾರ ನೋಡಿದೆ. ಅವರ ಮಾತಿಗೆ ಮೂರು ಸೆಕೆಂಡು ಕೂಡ ಹಿಡಿದಿರಲಿಲ್ಲ.